ಡಬ್ಬದ ಮೇಲಿನ ಹೆಸರನ್ನಷ್ಟೇ ನಂಬಿ ಗೇಮಿಂಗ್ ಪಿಸಿ ಕಟ್ಟಬೇಡಿ

ಮೊದಲ ಸಲ ಗೇಮಿಂಗ್ ಪಿಸಿ ಕಟ್ಟಲು ಹೊರಟವರು ನನಗೆ ತೋರಿಸುವ ಪಟ್ಟಿಗಳಲ್ಲಿ ಈಗ ದೊಡ್ಡ ತಪ್ಪುಗಳು ಕಡಿಮೆ. ಯಾವ ಪ್ರೊಸೆಸರ್, ಯಾವ ಗ್ರಾಫಿಕ್ಸ್ ಕಾರ್ಡ್ ಎಂದು ವಾರಗಟ್ಟಲೆ ಓದಿ, ವಿಡಿಯೊ ನೋಡಿ ಬಂದಿರುತ್ತಾರೆ. ದುಡ್ಡು ಸೋರುವುದು ಬೇರೆ ಕಡೆ. ಒಂದೇ ಹೆಸರಿನಲ್ಲಿ ಎರಡು ಬಗೆಯ ಸರಕು ಇರುತ್ತದೆ. ಡಬ್ಬದ ಮುಂದೆ ದಪ್ಪಕ್ಷರದಲ್ಲಿ ಹಾಕಿದ ಅಂಕಿಗಿಂತ ಹಿಂಬದಿಯ ಸಣ್ಣಕ್ಷರದ ಸಾಲೇ ಮುಖ್ಯವಾಗಿರುತ್ತದೆ. ತಯಾರಕರು ಹೆಚ್ಚು ಕತ್ತರಿ ಆಡಿಸುವುದು ಕಡಿಮೆ ಬೆಲೆಯ ಸರಕಿನಲ್ಲೇ. ಹಾಗಾಗಿ ಬಜೆಟ್ ಚಿಕ್ಕದಾದಷ್ಟೂ ಸ್ಪೆಸಿಫಿಕೇಶನ್ ಹಾಳೆಯನ್ನು ಹೆಚ್ಚು ಗಮನವಿಟ್ಟು ಓದಬೇಕು.

ಅದಕ್ಕೂ ಮುಂಚೆ ಇತ್ಯರ್ಥವಾಗಬೇಕಾದ ಮಾತು ಒಂದಿದೆ: ನೀವು ಯಾವ ಮಾನಿಟರ್‌ನಲ್ಲಿ ಯಾವ ಆಟ ಆಡುತ್ತೀರಿ? 1920×1080 ಪರದೆಯಲ್ಲಿ ಇರುವುದು ಸುಮಾರು 20.7 ಲಕ್ಷ ಪಿಕ್ಸೆಲ್. 2560×1440 ಪರದೆಯಲ್ಲಿ 36.8 ಲಕ್ಷ ದಾಟುತ್ತದೆ. ಪಿಕ್ಸೆಲ್ ಹೆಚ್ಚಿದಷ್ಟೂ ಭಾರ ಬೀಳುವುದು ಗ್ರಾಫಿಕ್ಸ್ ಕಾರ್ಡ್ ಮೇಲೆ. ಸೆಕೆಂಡಿಗೆ ಮೂಡುವ ಚಿತ್ರಗಳ, ಅಂದರೆ ಫ್ರೇಮ್‌ಗಳ ಸಂಖ್ಯೆ ಏರಿಸಲು ಹೊರಟರೆ ಬೆವರುವುದು ಪ್ರೊಸೆಸರ್. ಸೆಕೆಂಡಿಗೆ 60 ಸಲ ಚಿತ್ರ ಬದಲಿಸುವ 60 ಹರ್ಟ್ಸ್ ಮಾನಿಟರ್‌ಗೆ ಒಂದು ಫ್ರೇಮ್ ಸಿದ್ಧಪಡಿಸಲು 16.7 ಮಿಲಿಸೆಕೆಂಡ್ ಸಮಯವಿರುತ್ತದೆ, 144 ಹರ್ಟ್ಸ್‌ಗೆ ಏಳು ಮಿಲಿಸೆಕೆಂಡ್ ಕೂಡ ಸಿಗುವುದಿಲ್ಲ. ಕೌಂಟರ್ ಸ್ಟ್ರೈಕ್ 2, ವ್ಯಾಲರಂಟ್ ತರಹದ ಸ್ಪರ್ಧೆಯ ಆಟಗಳನ್ನೇ ಆಡುವವರಿಗೂ ಸೈಬರ್‌ಪಂಕ್ 2077 ತರಹದ ಭಾರೀ ದೃಶ್ಯಗಳ ಆಟ ಬೇಕೆನ್ನುವವರಿಗೂ ಒಂದೇ ಪಟ್ಟಿ ಹೊಂದುವುದಿಲ್ಲ. ಬಜೆಟ್ ಬಿಗಿಯಾಗಿದ್ದರೆ 1080ಪಿ ಮಾನಿಟರ್‌ಗೇ ಕಟ್ಟಿ ಎಂಬುದು ನನ್ನ ಸಲಹೆ. ಉಳಿದ ದುಡ್ಡು ಕಾರ್ಡ್‌ಗೆ ಹೋಗಲಿ.

ಕಾರ್ಡ್‌ನಲ್ಲೇ ಹೆಸರಿನ ಗೊಂದಲ ಹೆಚ್ಚು. ಎನ್‌ವಿಡಿಯಾದ ಆರ್‌ಟಿಎಕ್ಸ್ 3050 ತೆಗೆದುಕೊಳ್ಳಿ. 2022ರಲ್ಲಿ ಬಂದಾಗ ಅದಕ್ಕೆ 8 ಜಿಬಿ ಮೆಮೊರಿ, ಆ ಮೆಮೊರಿಗೆ ಹೋಗುವ 128 ಬಿಟ್ ಅಗಲದ ದಾರಿ (ಬಸ್), ಲೆಕ್ಕ ಮಾಡುವ 2560 ಕೋರ್ (CUDA) ಇದ್ದವು. 2024ರಲ್ಲಿ ಅದೇ ಹೆಸರಿನ 6 ಜಿಬಿ ಕಾರ್ಡ್ ಬಂತು. ಎರಡು ಜಿಬಿ ಮೆಮೊರಿ ಮಾತ್ರ ಕಡಿಮೆ ಎಂದು ಅನೇಕರು ಅಂದುಕೊಳ್ಳುತ್ತಾರೆ. ಬಸ್ 96 ಬಿಟ್‌ಗೆ ಇಳಿದಿದೆ, ಕೋರ್‌ಗಳು 2304ಕ್ಕೆ ಇಳಿದಿವೆ, ವಿದ್ಯುತ್ ಮಿತಿ 130 ವ್ಯಾಟ್‌ನಿಂದ 70ಕ್ಕೆ ಬಂದಿದೆ. ಆಟದಲ್ಲಿ ಈ ವ್ಯತ್ಯಾಸ ಎದ್ದು ಕಾಣುತ್ತದೆ. ಆ 6 ಜಿಬಿ ಕಾರ್ಡ್ ಕೆಟ್ಟದ್ದೇನಲ್ಲ. ಹಳೇ ಆಫೀಸ್ ಪಿಸಿಯಲ್ಲಿ ಕಾರ್ಡ್‌ಗೆಂದು ಪ್ರತ್ಯೇಕ ಪವರ್ ಕೇಬಲ್ ಇಲ್ಲದಿದ್ದಾಗ, ಮದರ್‌ಬೋರ್ಡ್‌ನ ಸ್ಲಾಟ್ ಕೊಡುವ 75 ವ್ಯಾಟ್ ಒಳಗೇ ಓಡುವ ಇಂಥ ಕಾರ್ಡ್ ದೊಡ್ಡ ಉಪಕಾರ. ಹೊಸದಾಗಿ ಕಟ್ಟುವವರಿಗೆ ಆ ಅನಿವಾರ್ಯ ಇಲ್ಲ.

ಕಣ್ಣಿಗೆ ಬೀಳದ ಇನ್ನೊಂದು ಸಾಲು ಪಿಸಿಐಇ ಲೇನ್‌ಗಳದ್ದು, ಅಂದರೆ ಕಾರ್ಡ್‌ಗೂ ಪ್ರೊಸೆಸರ್‌ಗೂ ನಡುವೆ ಮಾಹಿತಿ ಓಡಾಡುವ ದಾರಿಗಳದ್ದು. ಕಾರ್ಡ್‌ನ ಕನೆಕ್ಟರ್ ಉದ್ದಕ್ಕೆ ಇದ್ದ ಮಾತ್ರಕ್ಕೆ ಒಳಗೆ ಹದಿನಾರು ಲೇನ್ ಇರಬೇಕೆಂದಿಲ್ಲ. ಎಎಂಡಿಯ ಆರ್‌ಎಕ್ಸ್ 6600ಗೆ ಎಂಟು ಲೇನ್, ಆರ್‌ಟಿಎಕ್ಸ್ 4060ಗೂ ಎಂಟೇ. ಆರ್‌ಎಕ್ಸ್ 6500 ಎಕ್ಸ್‌ಟಿಗೆ ಇರುವುದು ನಾಲ್ಕೇ ನಾಲ್ಕು, ಅದರ ಸಾಮಾನ್ಯ ಮಾದರಿಯಲ್ಲಿ ಮೆಮೊರಿ ಕೂಡ 4 ಜಿಬಿ ಮಾತ್ರ. ಕಾರ್ಡ್‌ನ ಮೆಮೊರಿ ತುಂಬಿದ ಕೂಡಲೇ ಹೆಚ್ಚಾದ ಟೆಕ್ಸ್ಚರ್‌ಗಳು, ಅಂದರೆ ಆಟದ ವಸ್ತುಗಳ ಮೇಲ್ಮೈ ಚಿತ್ರಗಳು, ಸಿಸ್ಟಂ ರ್‍ಯಾಮ್‌ಗೆ ಹೋಗಿ ಕೂರುತ್ತವೆ, ಬೇಕಾದಾಗೆಲ್ಲ ಇದೇ ಲೇನ್‌ಗಳ ಮೂಲಕ ಓಡಾಡಬೇಕು. ಪಿಸಿಐಇ ನಾಲ್ಕನೇ ಪೀಳಿಗೆಯ ನಾಲ್ಕು ಲೇನ್‌ನಲ್ಲಿ ಸೆಕೆಂಡಿಗೆ ಸುಮಾರು 8 ಜಿಬಿ ಸಾಗುತ್ತದೆ, ಮೂರನೇ ಪೀಳಿಗೆಯಲ್ಲಿ ಅದರ ಅರ್ಧ. ಇನ್ನು ಪ್ರೊಸೆಸರ್ ಕಡೆ ನೋಡಿ. ಎಎಂಡಿಯ ರೈಜೆನ್ 5 5600 ಮತ್ತು ರೈಜೆನ್ 5 5500 ಎರಡೂ 2022ರ ಏಪ್ರಿಲ್‌ನಲ್ಲಿ ಬಂದವು, ಎರಡರಲ್ಲೂ ಆರು ಕೋರ್, ಹನ್ನೆರಡು ಥ್ರೆಡ್. 5600ರಲ್ಲಿ ಪ್ರೊಸೆಸರ್ ಒಳಗಿನ ವೇಗದ ಮೆಮೊರಿಯಾದ ಎಲ್3 ಕ್ಯಾಶ್ 32 ಎಂಬಿ, ಪಿಸಿಐಇ ನಾಲ್ಕನೇ ಪೀಳಿಗೆ. 5500ರಲ್ಲಿ ಕ್ಯಾಶ್ 16 ಎಂಬಿ, ಪಿಸಿಐಇ ಮೂರನೇ ಪೀಳಿಗೆ. ಉಳಿತಾಯವೆಂದು 5500ರ ಜೊತೆ 6500 ಎಕ್ಸ್‌ಟಿ ಹಾಕಿದರೆ ಎರಡರ ಕೊರತೆಯೂ ಒಂದೇ ಕಡೆ ಸೇರುತ್ತದೆ. ಬಿಡಿಬಿಡಿಯಾಗಿ ನೋಡಿದಾಗ ಎರಡೂ ಒಳ್ಳೆಯ ಡೀಲ್‌ನಂತೆಯೇ ಕಾಣುತ್ತವೆ ಎಂಬುದೇ ಬೇಸರದ ಸಂಗತಿ.

ಮೆಮೊರಿ ಎಷ್ಟಿರಬೇಕು? ಇವತ್ತು ಹೊಸ ಆಟಗಳಿಗೆಂದು ಕಟ್ಟುವ ಪಿಸಿಗೆ 8 ಜಿಬಿಗಿಂತ ಕಡಿಮೆ ಇರುವ ಕಾರ್ಡ್ ಬೇಡ. 8 ಜಿಬಿ ಇದ್ದರೂ ಕೆಲವು ಆಟಗಳಲ್ಲಿ ಟೆಕ್ಸ್ಚರ್ ಸೆಟ್ಟಿಂಗ್ ಒಂದು ಹಂತ ಇಳಿಸಬೇಕಾಗುತ್ತದೆ. 2024ರ ಕೊನೆಗೆ ಬಂದ ಇಂಟೆಲ್ ಆರ್ಕ್ ಬಿ580ರಲ್ಲಿ 12 ಜಿಬಿ ಇದೆ, ಅದರ ದೊಡ್ಡ ಆಕರ್ಷಣೆಯೇ ಅದು. ಆದರೆ ಪಿಸಿ ಶುರುವಾಗುವಾಗ ಓಡುವ ಮದರ್‌ಬೋರ್ಡ್‌ನ ತಂತ್ರಾಂಶವಾದ ಬಯಾಸ್‌ನಲ್ಲಿ, ಕಾರ್ಡ್‌ನ ಪೂರ್ತಿ ಮೆಮೊರಿಯನ್ನು ಪ್ರೊಸೆಸರ್ ಒಮ್ಮೆಲೇ ಮುಟ್ಟಲು ಬಿಡುವ ರೀಸೈಜಬಲ್ ಬಾರ್ ಸೌಲಭ್ಯ ಆನ್ ಆಗಿರದಿದ್ದರೆ ಆ ಕಾರ್ಡ್ ಬಹಳ ಹಿಂದೆ ಬೀಳುತ್ತದೆ. ಹಳೇ ಪ್ರೊಸೆಸರ್ ಇಟ್ಟುಕೊಂಡು ಕಾರ್ಡ್ ಮಾತ್ರ ಹೊಸದು ಹಾಕುವವರು ಇದನ್ನು ಮೊದಲೇ ಖಚಿತಪಡಿಸಿಕೊಳ್ಳಬೇಕು.

ಪ್ರೊಸೆಸರ್ ಬಗ್ಗೆ ಅಷ್ಟೊಂದು ತಲೆಕೆಡಿಸಿಕೊಳ್ಳಬೇಕಿಲ್ಲ. ಈ ವರ್ಗದಲ್ಲಿ ಆರು ಕೋರ್, ಹನ್ನೆರಡು ಥ್ರೆಡ್ ಧಾರಾಳವಾಗಿ ಸಾಕು. ಇಂಟೆಲ್ ಹೆಸರಿನ ಕೊನೆಯಲ್ಲಿ ಎಫ್ ಅಕ್ಷರ ಇದ್ದರೆ ಒಳಗೆ ಗ್ರಾಫಿಕ್ಸ್ ಇಲ್ಲವೆಂದರ್ಥ. ಕಾರ್ಡ್ ಆಮೇಲೆ ಕೊಳ್ಳೋಣ ಎಂದು ಕೋರ್ ಐ5-12400ಎಫ್ ತಂದಿಟ್ಟರೆ ಅಲ್ಲಿಯತನಕ ಪರದೆ ಕಪ್ಪಾಗಿಯೇ ಇರುತ್ತದೆ. ಹೆಚ್ಚು ಯೋಚಿಸಬೇಕಾದ್ದು ಸಾಕೆಟ್, ಅಂದರೆ ಬೋರ್ಡ್‌ನಲ್ಲಿ ಪ್ರೊಸೆಸರ್ ಕೂರುವ ಜಾಗದ ಬಗ್ಗೆ. 2017ರಲ್ಲಿ ಮೊದಲ ರೈಜೆನ್‌ಗೆಂದು ಕೊಂಡ, ಎಎಂಡಿಯ ಎಎಂ4 ಸಾಕೆಟ್‌ನ ಎಷ್ಟೋ ಬೋರ್ಡ್‌ಗಳಲ್ಲಿ 2022ರ ರೈಜೆನ್ 7 5800ಎಕ್ಸ್3ಡಿ ಬಯಾಸ್ ಅಪ್‌ಡೇಟ್ ಒಂದರಿಂದಲೇ ಓಡಿತು. ಅಂಥ ಆಯುಷ್ಯ ಎಲ್ಲ ಸಾಕೆಟ್‌ಗೂ ಸಿಗುವುದಿಲ್ಲ. ಎಎಂ4 ಈಗ ಕೊನೆಯ ಹಂತದಲ್ಲಿದೆ, ಅಗ್ಗವಾಗಿಯೂ ಇದೆ. ಅದರ ನಂತರದ ಎಎಂ5ಗೆ ಡಿಡಿಆರ್5 ರ್‍ಯಾಮ್ ಮಾತ್ರ ಆಗುತ್ತದೆ, ಮೊದಲ ಖರ್ಚು ಜಾಸ್ತಿ, ಮುಂದೆ ಪ್ರೊಸೆಸರ್ ಬದಲಿಸುವ ದಾರಿ ತೆರೆದಿರುತ್ತದೆ. ಮೂರ್ನಾಲ್ಕು ವರ್ಷ ಬದಲಿಸುವ ಯೋಚನೆಯೇ ಇಲ್ಲದವರು ಎಎಂ4 ತೆಗೆದುಕೊಂಡು, ಉಳಿಸಿದ ದುಡ್ಡನ್ನು ಕಾರ್ಡ್‌ಗೆ ಹಾಕುವುದು ಸರಿಯಾದ ಲೆಕ್ಕ.

ರ್‍ಯಾಮ್ ವಿಚಾರಕ್ಕೆ ಬರೋಣ. ಈಚೆಗೆ ಒಬ್ಬ ಹುಡುಗ ತಾನೇ ಕಟ್ಟಿದ ಪಿಸಿ ತಂದಿದ್ದ. "ಸರ್, ಆಟದ ಮಧ್ಯೆ ಒಂದೇ ಸಮ ತಡೆದು ತಡೆದು ಓಡುತ್ತೆ, ಕಾರ್ಡ್ ಹೋಗಿರಬೇಕು" ಎಂದ. ಪಕ್ಕದ ಮುಚ್ಚಳ ತೆಗೆದೆ. ಎರಡು 8 ಜಿಬಿ ರ್‍ಯಾಮ್ ಕಡ್ಡಿಗಳು ಪ್ರೊಸೆಸರ್‌ಗೆ ಹತ್ತಿರದ ಮೊದಲ ಎರಡು ಸ್ಲಾಟ್‌ಗಳಲ್ಲಿ ಅಕ್ಕಪಕ್ಕ ಕೂತಿದ್ದವು. ನಾಲ್ಕು ಸ್ಲಾಟ್ ಇರುವ ಸಾಮಾನ್ಯ ಬೋರ್ಡ್‌ಗಳಲ್ಲಿ ಆ ಎರಡೂ ಒಂದೇ ಚಾನೆಲ್‌ಗೆ, ಅಂದರೆ ಪ್ರೊಸೆಸರ್‌ಗೆ ಹೋಗುವ ಒಂದೇ ದಾರಿಗೆ ಸೇರಿದವು. ಡಿಡಿಆರ್4-3200 ಒಂದೇ ಚಾನೆಲ್‌ನಲ್ಲಿ ಸೆಕೆಂಡಿಗೆ 25.6 ಜಿಬಿ ಕೊಡುತ್ತದೆ, ಎರಡರಲ್ಲಿ 51.2. ಟಾಸ್ಕ್ ಮ್ಯಾನೇಜರ್‌ನಲ್ಲಿ ಮೆಮೊರಿ ಪುಟ ತೆರೆದರೆ ವೇಗ 2133 ಎಂದಿತ್ತು. ಡಬ್ಬದ ಮೇಲೆ 3200 ಎಂದು ಬರೆದಿದ್ದರೂ ಬಯಾಸ್‌ನಲ್ಲಿ ಎಕ್ಸ್‌ಎಂಪಿ ಎಂಬ ವೇಗದ ಸೆಟ್ಟಿಂಗ್ ಆನ್ ಮಾಡುವ ತನಕ ಅನೇಕ ಕಡ್ಡಿಗಳು ತಳಮಟ್ಟದ ವೇಗದಲ್ಲೇ ಓಡುತ್ತವೆ. ಕಡ್ಡಿಗಳನ್ನು ಎರಡನೇ ಮತ್ತು ನಾಲ್ಕನೇ ಸ್ಲಾಟ್‌ಗೆ ಹಾಕಿ ಎಕ್ಸ್‌ಎಂಪಿ ಆನ್ ಮಾಡಿದೆ. ಕಾರ್ಡ್ ಮುಟ್ಟಲೇ ಇಲ್ಲ, ಆಟ ಸರಾಗವಾಯಿತು. 16 ಜಿಬಿ ಬೇಕಿದ್ದರೆ 8ರ ಎರಡು ಕಡ್ಡಿಗಳನ್ನು ಜೋಡಿಯಾಗಿ ಬರುವ ಕಿಟ್‌ನಲ್ಲೇ ಕೊಳ್ಳಿ. "ಈಗ ಒಂದು, ಆಮೇಲೆ ಇನ್ನೊಂದು" ಎಂಬ ಯೋಜನೆಯಲ್ಲಿ ಆ ಆಮೇಲೆ ಬರುವ ಕಡ್ಡಿ ಎಷ್ಟೋ ಸಲ ಮೊದಲನೆಯದರೊಂದಿಗೆ ಹೊಂದುವುದೇ ಇಲ್ಲ.

ಮದರ್‌ಬೋರ್ಡ್ ಕೊಳ್ಳುವಾಗ ಬಣ್ಣದ ದೀಪ ಬಿಟ್ಟು ಮೂರು ಸಂಗತಿ ನೋಡಿ: ರ್‍ಯಾಮ್ ಸ್ಲಾಟ್ ಎಷ್ಟು, ರ್‍ಯಾಮ್ ಯಾವ ಬಗೆಯದು, ನಿಮ್ಮ ಪ್ರೊಸೆಸರ್‌ಗೆ ಯಾವ ಬಯಾಸ್ ಆವೃತ್ತಿ ಬೇಕು. ಇಂಟೆಲ್ 12ನೇ ಪೀಳಿಗೆಯ ಪ್ರೊಸೆಸರ್ ಡಿಡಿಆರ್4ಗೂ ಡಿಡಿಆರ್5ಗೂ ಒಗ್ಗುತ್ತದೆ, ಬೋರ್ಡ್ ಮಾತ್ರ ಸಾಮಾನ್ಯವಾಗಿ ಯಾವುದಾದರೂ ಒಂದಕ್ಕೆ. ಬೋರ್ಡ್ ಗೋದಾಮಿನಲ್ಲಿ ಬಹಳ ದಿನ ಕೂತಿದ್ದರೆ ಅದರೊಳಗಿನ ಹಳೇ ಬಯಾಸ್‌ಗೆ ನಿಮ್ಮ ಹೊಸ ಪ್ರೊಸೆಸರ್ ಗುರುತೇ ಸಿಗದಿರಬಹುದು. ಪ್ರೊಸೆಸರ್ ಇಲ್ಲದೆಯೇ ಪೆನ್‌ಡ್ರೈವ್‌ನಿಂದ ಬಯಾಸ್ ಹೊಸದು ಮಾಡುವ ಫ್ಲ್ಯಾಶ್‌ಬ್ಯಾಕ್ ಬಟನ್ ಇರುವ ಬೋರ್ಡ್‌ಗೆ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ನಾನು ಜಗಳವಾಡಿಯಾದರೂ ಪಟ್ಟಿಯಲ್ಲಿ ಬದಲಿಸುವ ಭಾಗವೆಂದರೆ ಪವರ್ ಸಪ್ಲೈ, ಎಲ್ಲರ ಬಾಯಲ್ಲಿ ಎಸ್‌ಎಂಪಿಎಸ್. ಬಜೆಟ್ ಮೀರಿದಾಗ ಎಲ್ಲರೂ ಮೊದಲು ಕೈ ಹಾಕುವುದು ಇದಕ್ಕೇ. ಫ್ರೇಮ್ ಒಂದೂ ಕಡಿಮೆಯಾಗುವುದಿಲ್ಲವಲ್ಲ ಎಂಬುದು ಅವರ ವಾದ. ಪಕ್ಕಕ್ಕೆ ಅಂಟಿಸಿರುವ ಲೇಬಲ್ ಓದಿ ನೋಡಿ. ಹೆಸರಿನಲ್ಲಿ 550 ಇರುತ್ತದೆ. ಕೋಷ್ಟಕದಲ್ಲಿ +12 ವೋಲ್ಟ್ ಕೆಳಗೆ ಎಷ್ಟು ಆಂಪಿಯರ್ ಎಂದಿದೆ? ಪ್ರೊಸೆಸರ್ ಮತ್ತು ಕಾರ್ಡ್ ಎರಡೂ ಮುಖ್ಯವಾಗಿ ಎಳೆಯುವುದು ಆ ಸಾಲಿನಿಂದಲೇ. ಅಲ್ಲಿ 45 ಆಂಪಿಯರ್ ಇದ್ದರೆ 12ರಿಂದ ಗುಣಿಸಿದಾಗ 540 ವ್ಯಾಟ್ ಆಗುತ್ತದೆ, ಹೆಸರಿಗೆ ತಕ್ಕ ಸರಕು. 25 ಎಂದಿದ್ದರೆ ನಿಮಗೆ ನಿಜವಾಗಿ ದಕ್ಕುವುದು 300 ವ್ಯಾಟ್. ಮಿಕ್ಕ ವ್ಯಾಟ್‌ಗಳು ಇವತ್ತಿನ ಪಿಸಿಗೆ ಹೆಚ್ಚೇನೂ ಬೇಡದ 3.3 ಮತ್ತು 5 ವೋಲ್ಟ್ ಸಾಲುಗಳಲ್ಲಿ ಸೇರಿಕೊಂಡಿರುತ್ತವೆ.

80 ಪ್ಲಸ್ ಮುದ್ರೆಯನ್ನು ಗುಣಮಟ್ಟದ ಪ್ರಮಾಣಪತ್ರ ಎಂದು ತಿಳಿಯಬೇಡಿ. ಗೋಡೆಯಿಂದ ಎಳೆದ ವಿದ್ಯುತ್ತಿನಲ್ಲಿ ಎಷ್ಟು ಪಾಲು ಪಿಸಿಗೆ ತಲುಪುತ್ತದೆ, ಎಷ್ಟು ಶಾಖವಾಗಿ ಹೋಗುತ್ತದೆ ಎಂಬುದಷ್ಟೇ ಅದರ ವಿಷಯ. ಶಾರ್ಟ್ ಸರ್ಕ್ಯೂಟ್ ಆದಾಗ, ವೋಲ್ಟೇಜ್ ಏರಿದಾಗ, ಭಾರ ಮಿತಿಮೀರಿದಾಗ ಎಸ್‌ಎಂಪಿಎಸ್ ಸುಮ್ಮನೆ ಆಫ್ ಆಗುತ್ತದೆಯೋ ಇಲ್ಲವೋ ಎಂಬುದನ್ನು ಆ ಮುದ್ರೆ ಹೇಳುವುದಿಲ್ಲ. ಸ್ಪೆಸಿಫಿಕೇಶನ್‌ನಲ್ಲಿ ಈ ರಕ್ಷಣೆಗಳ ಪಟ್ಟಿ ಇದೆಯೇ ನೋಡಿ, ವಾರಂಟಿ ಎಷ್ಟು ವರ್ಷ ನೋಡಿ, ಬಿಚ್ಚಿ ಪರೀಕ್ಷಿಸಿದವರ ವಿಮರ್ಶೆ ಇದ್ದರೆ ಓದಿ. ಆರ್‌ಟಿಎಕ್ಸ್ 4060ರ ಮಿತಿ 115 ವ್ಯಾಟ್, ರೈಜೆನ್ 5 5600ರ ಟಿಡಿಪಿ, ಅಂದರೆ ಶಾಖದ ಲೆಕ್ಕದಲ್ಲಿ ಹೇಳುವ ಮಿತಿ, 65 ವ್ಯಾಟ್. ಕಾರ್ಡ್‌ಗಳು ಕ್ಷಣಮಾತ್ರಕ್ಕೆ ಮಿತಿ ಮೀರಿ ಎಳೆಯುವುದನ್ನು ಸೇರಿಸಿದರೂ ಇಂಥ ಜೋಡಿಗೆ ಒಳ್ಳೆಯ 550 ವ್ಯಾಟ್ ಬೇಕಾದಷ್ಟಾಯಿತು. ಹೆಸರಿಲ್ಲದ 750ಕ್ಕಿಂತ ಅದೇ ಮೇಲು. ರಕ್ಷಣೆ ಇಲ್ಲದ ಎಸ್‌ಎಂಪಿಎಸ್ ಸಾಯುವಾಗ ಬೋರ್ಡ್, ಕಾರ್ಡ್ ಎರಡನ್ನೂ ಜೊತೆಗೆ ಕರೆದೊಯ್ಯಬಹುದು. ಮತ್ತೊಂದು ಮಾತು: ಕೇಬಲ್ ಬಿಚ್ಚಿ ತೆಗೆಯಬಹುದಾದ ಮಾಡ್ಯುಲರ್ ಎಸ್‌ಎಂಪಿಎಸ್‌ನ ಕೇಬಲ್ ಇನ್ನೊಂದು ಎಸ್‌ಎಂಪಿಎಸ್‌ಗೆ ಸರಿಯಾಗಿ ಕೂತರೂ ಬಳಸಬೇಡಿ. ಆ ತುದಿಯ ಪಿನ್‌ಗಳ ಜೋಡಣೆ ಒಬ್ಬೊಬ್ಬ ತಯಾರಕರದು ಒಂದೊಂದು ತರ, ಪ್ಲಗ್ ಹಾಕಿದ ಕ್ಷಣದಲ್ಲೇ ಎಸ್‌ಎಸ್‌ಡಿ ಸುಟ್ಟುಹೋಗಬಹುದು.

ಎಸ್‌ಎಸ್‌ಡಿಯಲ್ಲಿ ಎಂ.2 ಎಂಬುದು ಆಕಾರದ ಹೆಸರು. ಅದೇ ಆಕಾರದಲ್ಲಿ ಸೆಕೆಂಡಿಗೆ 550 ಎಂಬಿ ಸುತ್ತಮುತ್ತ ನಿಲ್ಲುವ ಸಾಟಾ ಡ್ರೈವ್ ಕೂಡ ಬರುತ್ತದೆ. ಅದಕ್ಕಿಂತ ಎಷ್ಟೋ ವೇಗದ ಎನ್‌ವಿಎಂಇ ಎಂದು ಬರೆದಿರುವುದನ್ನೇ ಕೊಳ್ಳಿ, ಒಂದು ಟಿಬಿ ಇರಲಿ. ಕ್ಯಾಬಿನೆಟ್‌ಗೆ ಮುಂದೆ ಗಾಜಿನ ಬದಲು ಜಾಲರಿ ಇರಬೇಕು, ಕನಿಷ್ಠ ಎರಡು ಫ್ಯಾನ್ ಇರಬೇಕು, ಕಾರ್ಡ್‌ನ ಉದ್ದ ಒಳಗೆ ಹಿಡಿಸಬೇಕು. ಪ್ರೊಸೆಸರ್ ಡಬ್ಬದಲ್ಲಿ ಬಂದ ಕೂಲರ್ ಸದ್ಯಕ್ಕೆ ಸಾಕು.

ಜೋಡಿಸಿ ಮುಗಿದ ಮೇಲೆ ಮಾನಿಟರ್ ಕೇಬಲ್ಲನ್ನು ಮದರ್‌ಬೋರ್ಡ್‌ಗೆ ಚುಚ್ಚದೆ ಕಾರ್ಡ್‌ಗೇ ಚುಚ್ಚಿ. 144 ಹರ್ಟ್ಸ್ ಮಾನಿಟರ್ ಆಗಿದ್ದರೆ ವಿಂಡೋಸ್ ಡಿಸ್‌ಪ್ಲೇ ಸೆಟ್ಟಿಂಗ್‌ಗೆ ಹೋಗಿ ನೋಡಿ, ಅದು 60ರಲ್ಲೇ ನಿಂತಿರಬಹುದು. ಆಮೇಲೆ ನಿಮ್ಮ ಆಟದಲ್ಲಿ ರೆಸಲ್ಯೂಶನ್ ಇಳಿಸಿ ಪರೀಕ್ಷಿಸಿ. ಫ್ರೇಮ್ ಏರಿದರೆ ಕಾರ್ಡ್ ತನ್ನ ಮಿತಿ ಮುಟ್ಟಿದೆ ಎಂದರ್ಥ. ಏರದೆ ಅಲ್ಲೇ ನಿಂತರೆ ತಡೆಯುತ್ತಿರುವುದು ಪ್ರೊಸೆಸರ್ ಅಥವಾ ರ್‍ಯಾಮ್. ಮುಂದಿನ ಸಲ ದುಡ್ಡು ಕೂಡಿದಾಗ ಯಾವ ಭಾಗ ಬದಲಿಸಬೇಕೆಂಬುದು ಈ ಐದು ನಿಮಿಷದ ಪರೀಕ್ಷೆಯಲ್ಲೇ ಗೊತ್ತಾಗುತ್ತದೆ.