'ರೀಡ್ ದಿ ರಯಟ್ ಆಕ್ಟ್': ಗದರಿಕೆಯ ಹಿಂದೆ ಇದ್ದ ಕಾಯ್ದೆ

ತಂಡ ಮೇಲಿಂದ ಮೇಲೆ ಸೋತಾಗ ಕೋಚ್ ಆಟಗಾರರನ್ನು ತರಾಟೆಗೆ ತೆಗೆದುಕೊಂಡರು ಅನ್ನೋದಕ್ಕೆ ಇಂಗ್ಲಿಷ್ ಪತ್ರಿಕೆಗಳಲ್ಲಿ ಒಂದು ಮಾತು ಆಗಾಗ ಬರುತ್ತದೆ: 'ರೀಡ್ ದಿ ರಯಟ್ ಆಕ್ಟ್'. ಚೆನ್ನಾಗಿ ಗದರಿಸಿ, ಇನ್ನೊಮ್ಮೆ ಹೀಗಾದರೆ ನೋಡಿ ಅಂತ ಎಚ್ಚರಿಸೋದು, ಇಷ್ಟೇ ಇವತ್ತಿನ ಅರ್ಥ. ಆದರೆ ರಯಟ್ ಆಕ್ಟ್, ಅಂದರೆ ಗಲಭೆ ಕಾಯ್ದೆ ಅನ್ನೋ ಕಾನೂನು ಇಂಗ್ಲೆಂಡಿನಲ್ಲಿ ಇನ್ನೂರೈವತ್ತು ವರ್ಷ ಜಾರಿಯಲ್ಲಿತ್ತು. ಅಧಿಕಾರಿಗಳು ಜನರೆದುರು ನಿಂತು ಅದರ ಘೋಷಣೆಯನ್ನು ನಿಜವಾಗಿಯೂ ಓದುತ್ತಿದ್ದರು.

1714ರಲ್ಲಿ ರಾಣಿ ಆನ್ ತೀರಿಕೊಂಡ ಮೇಲೆ ಜರ್ಮನಿಯ ಹ್ಯಾನೋವರ್ ಮನೆತನದ ಒಂದನೇ ಜಾರ್ಜ್ ಪಟ್ಟಕ್ಕೆ ಬಂದ. ಹೊರಗಿನ ದೊರೆಯನ್ನು ಒಪ್ಪದವರು ಊರೂರಲ್ಲಿ ಗಲಾಟೆ ಎಬ್ಬಿಸಿದರು. ಸರ್ಕಾರ ಹೆದರಿತು. 1715ರ ಆಗಸ್ಟ್ 1ರಂದು ರಯಟ್ ಆಕ್ಟ್ ಜಾರಿಗೆ ಬಂತು.

ಅದರ ಲೆಕ್ಕ ಹೀಗಿತ್ತು. 12 ಅಥವಾ ಅದಕ್ಕಿಂತ ಹೆಚ್ಚು ಜನ ಸೇರಿ ಗಲಭೆ ಮಾಡುತ್ತಿದ್ದರೆ ಮ್ಯಾಜಿಸ್ಟ್ರೇಟ್ ಅಥವಾ ಮೇಯರ್ ಬಂದು ಒಂದು ಪುಟ್ಟ ಘೋಷಣೆ ಓದಬೇಕು. ದೊರೆಯ ಆಜ್ಞೆ ಇದು, ಕೂಡಲೇ ಚದುರಿ, ಮನೆಗೋ ಕೆಲಸಕ್ಕೋ ಹೋಗಿ ಅನ್ನೋದು ಅದರ ಸಾರ. ಕೊನೆಗೆ 'ದೇವರು ರಾಜನನ್ನು ಕಾಪಾಡಲಿ'. ಅಲ್ಲಿಂದ ಒಂದು ಗಂಟೆ ಗಡುವು. ಆಮೇಲೂ ಅಲ್ಲೇ ನಿಂತವರಿಗೆ ಮರಣದಂಡನೆ! ಚದುರಿಸುವಾಗ ಯಾರಾದರೂ ಸತ್ತರೆ ಚದುರಿಸಿದವರ ಮೇಲೆ ಕೇಸಿಲ್ಲ.

ಒಂದಕ್ಷರ ತಪ್ಪಿದರೂ ಕಷ್ಟ. 1830ರ ಒಂದು ಮೊಕದ್ದಮೆಯಲ್ಲಿ, ಓದಿದವರು ಕೊನೆಯ 'ದೇವರು ರಾಜನನ್ನು ಕಾಪಾಡಲಿ' ಬಿಟ್ಟಿದ್ದರು ಅಂತಲೇ ಈ ಕಾಯ್ದೆಯಡಿ ಶಿಕ್ಷೆ ಕೊಡಲು ಆಗಲಿಲ್ಲ. ಓದಿದ್ದು ಸರಿಯೋ ಅಂತ ಇಷ್ಟು ಕಟ್ಟುನಿಟ್ಟಾಗಿ ನೋಡುತ್ತಿದ್ದ ಕಾನೂನು, ಅದು ಜನರ ಕಿವಿಗೆ ಬಿತ್ತೋ ಇಲ್ಲವೋ ಅನ್ನೋದಕ್ಕೆ ಅಷ್ಟು ಬೆಲೆ ಕೊಡಲಿಲ್ಲ. ನನಗೆ ಇದರ ದೊಡ್ಡ ಅನ್ಯಾಯ ಕಾಣೋದು ಅಲ್ಲೇ.

1819ರ ಆಗಸ್ಟ್ 16ರಂದು ಮ್ಯಾಂಚೆಸ್ಟರಿನ ಸೇಂಟ್ ಪೀಟರ್ಸ್ ಮೈದಾನದಲ್ಲಿ ಸುಮಾರು 60,000 ಜನ ಸೇರಿದ್ದರು. ಅಷ್ಟು ದೊಡ್ಡ ಊರಿಗೆ ಸಂಸತ್ತಿನಲ್ಲಿ ತನ್ನದೇ ಒಬ್ಬ ಪ್ರತಿನಿಧಿಯೂ ಇರಲಿಲ್ಲ. ಪ್ರತಿನಿಧಿ ಬೇಕು ಅಂತ ಕೇಳೋಕೆ ಹೆಂಗಸರು, ಮಕ್ಕಳು ಎಲ್ಲಾ ಬಂದಿದ್ದರು. ಮೈದಾನದ ಅಂಚಿನ ಮನೆಯೊಂದರಲ್ಲಿ ಕೂತಿದ್ದ ಮ್ಯಾಜಿಸ್ಟ್ರೇಟರು ಕಾಯ್ದೆ ಓದಿದೆವು ಅಂತ ಆಮೇಲೆ ಹೇಳಿದರು. ಮೈಕಿಲ್ಲದ ಕಾಲ, ಆ ಗದ್ದಲದಲ್ಲಿ ಯಾರಿಗೆ ಕೇಳಬೇಕು? ಒಂದು ಗಂಟೆಯನ್ನೂ ಕಾಯಲಿಲ್ಲ. ಭಾಷಣಕಾರ ಹೆನ್ರಿ ಹಂಟ್‌ನನ್ನು ಹಿಡಿಯೋಕೆ ಕುದುರೆ ಸವಾರರು ಕತ್ತಿ ಹಿಡಿದು ಜನರ ಮೇಲೆ ನುಗ್ಗಿದರು. ಸುಮಾರು 18 ಮಂದಿ ಸತ್ತರು, ನೂರಾರು ಜನ ಗಾಯಗೊಂಡರು. ಇದೇ ಪೀಟರ್‌ಲೂ ಹತ್ಯಾಕಾಂಡ.

ಅದೇ 1819ರ ಒಂದು ಪತ್ರದಲ್ಲಿ, ಒಬ್ಬಾಕೆ ಮಕ್ಕಳ ಕೋಣೆಗೆ ರಯಟ್ ಆಕ್ಟ್ ಓದಲು ಓಡಿದಳು ಅಂತ ಒಬ್ಬರು ಬರೆದಿದ್ದಾರೆ. ಅಂದರೆ ಕಾಯ್ದೆ ಇನ್ನೂ ಜೀವ ತೆಗೆಯುತ್ತಿದ್ದ ಹೊತ್ತಿಗೇ ಆ ಮಾತು ಮನೆಯೊಳಗೆ ಬಂದುಬಿಟ್ಟಿತ್ತು.

1837ರಲ್ಲಿ ಮರಣದಂಡನೆ ಹೋಯಿತು. 1919ರ ಜನವರಿ 31ರಂದು ಗ್ಲಾಸ್ಗೋದ ಜಾರ್ಜ್ ಚೌಕದಲ್ಲಿ ಮುಷ್ಕರ ನಿರತ ಕಾರ್ಮಿಕರ ಮುಂದೆ ಶೆರಿಫ್ (ಅಲ್ಲಿನ ನ್ಯಾಯಾಧಿಕಾರಿ) ಓದುತ್ತಿದ್ದಾಗ ಗುಂಪಿನವರು ಅವರ ಕೈಯಿಂದ ಆ ಹಾಳೆಯನ್ನೇ ಕಿತ್ತುಕೊಂಡರು. ಆಮೇಲೆ ಓದುವ ಪದ್ಧತಿ ಕಮ್ಮಿಯಾಯಿತು. 1967ರಲ್ಲಿ ಇಂಗ್ಲೆಂಡ್, 1973ರಲ್ಲಿ ಸ್ಕಾಟ್ಲೆಂಡ್ ಕಾಯ್ದೆಯನ್ನು ಕೈಬಿಟ್ಟವು.

ಬ್ರಿಟಿಷರು 1860ರಲ್ಲಿ ಭಾರತಕ್ಕೆ ಮಾಡಿದ ದಂಡಸಂಹಿತೆಯಲ್ಲಿ ಕಾನೂನುಬಾಹಿರ ಕೂಟಕ್ಕೆ 12 ಜನ ಬೇಕಿರಲಿಲ್ಲ, 5 ಜನ ಸಾಕಿತ್ತು. ಚದುರಿ ಅಂತ ಆಜ್ಞೆ ಮಾಡುವ ಅಧಿಕಾರ ಇಲ್ಲೂ ಮ್ಯಾಜಿಸ್ಟ್ರೇಟರಿಗಿತ್ತು. ಆದರೆ 1919ರ ಏಪ್ರಿಲ್ 13ರಂದು ಜಲಿಯನ್‌ವಾಲಾ ಬಾಗ್‌ನಲ್ಲಿ ಡಯರ್ ಒಂದು ಮಾತೂ ಹೇಳದೆ ಗುಂಡು ಹಾರಿಸಿದ. ಸರ್ಕಾರಿ ಲೆಕ್ಕದಲ್ಲೇ 379 ಜನ ಸತ್ತರು. ಈಗಿನ ಭಾರತೀಯ ನ್ಯಾಯ ಸಂಹಿತೆಯಲ್ಲೂ ಸಂಖ್ಯೆ ಅದೇ ಐದು. ಚದುರಿ ಅಂದ ಮೇಲೆ ಇಂತಿಷ್ಟು ಹೊತ್ತು ಕಾಯಬೇಕು ಅನ್ನೋ ಆ ಒಂದು ಗಂಟೆಯ ನಿಯಮ ಮಾತ್ರ ನಮ್ಮ ಕಾನೂನಿಗೆ ಬರಲೇ ಇಲ್ಲ.