ಪದ ಪರಿಚಯ: ಓರಿಯಂಟ್ ಎಕ್ಸ್‌ಪ್ರೆಸ್

ಪ್ಯಾರಿಸ್ಸಿನಿಂದ ಇಸ್ತಾಂಬುಲಿಗೆ ಓಡುತ್ತಿದ್ದ ವೈಭವದ ರೈಲು ಎಂಬುದು ‘ಓರಿಯಂಟ್ ಎಕ್ಸ್‌ಪ್ರೆಸ್’ ಎಂಬ ಹೆಸರಿಗೆ ಎಲ್ಲರೂ ಹೇಳುವ ಅರ್ಥ. ಅದು ತಪ್ಪಲ್ಲ, ಆದರೆ ಸಾಲದು. ಹಲವು ದೇಶಗಳ ಹಳಿಗಳ ಮೇಲೆ ಒಂದೇ ಕಂಪನಿಯ ಬೋಗಿಗಳನ್ನು ಗಡಿಯಿಂದ ಗಡಿಗೆ ದಾಟಿಸುವ ಏರ್ಪಾಡೊಂದಕ್ಕೆ ಈ ಹೆಸರು ಸಲ್ಲುತ್ತಿತ್ತು. ‘ಓರಿಯಂಟ್’ ಎಂದರೆ ಪೂರ್ವ. ಅಂದಿನ ಪಶ್ಚಿಮ ಯುರೋಪಿನವರಿಗೆ ಪೂರ್ವದ ಹೆಬ್ಬಾಗಿಲು ಕಾನ್‌ಸ್ಟಾಂಟಿನೋಪಲ್, ಅಂದರೆ ಇಂದಿನ ಇಸ್ತಾಂಬುಲ್.

ಹತ್ತೊಂಬತ್ತನೆಯ ಶತಮಾನದ ಯುರೋಪಿನಲ್ಲಿ ದೇಶಕ್ಕೊಂದು ರೈಲ್ವೆ ಇದ್ದುದರಿಂದ, ದೂರ ಹೋಗುವವರು ಗಡಿ ಬಂದಲ್ಲೆಲ್ಲ ಸಾಮಾನು ಸರಂಜಾಮುಗಳೊಡನೆ ಇಳಿದು ಬೇರೆ ಗಾಡಿ ಹತ್ತಬೇಕಾಗುತ್ತಿತ್ತು. ಅಮೆರಿಕದಲ್ಲಿ ಪುಲ್‌ಮನ್ ಅವರ ಮಲಗುವ ಬೋಗಿಗಳನ್ನು ನೋಡಿ ಬಂದ ಬೆಲ್ಜಿಯಂನ ಜಾರ್ಜ್ ನಾಗೆಲ್ಮಾಕರ್ಸ್, 1870ರ ದಶಕದಲ್ಲಿ ‘ವಾಗೋಂ-ಲೀ’ ಎಂಬ ಕಂಪನಿಯನ್ನು ಕಟ್ಟಿದರು. ಆ ಫ್ರೆಂಚ್ ಮಾತಿಗೆ ಹಾಸಿಗೆಯುಳ್ಳ ಬೋಗಿಗಳು ಎಂದೇ ಅರ್ಥ. ಬೋಗಿ, ಹಾಸಿಗೆ, ಊಟ, ಪರಿಚಾರಕರು ಕಂಪನಿಗೆ ಸೇರಿದವು. ಎಂಜಿನ್, ಚಾಲಕ, ಹಳಿ ಆಯಾ ದೇಶದ ರೈಲ್ವೆಗೆ ಸೇರಿದವು. ನನ್ನ ಮಟ್ಟಿಗೆ ಈ ಸೇವೆಯ ನಿಜವಾದ ಹೊಸತನವಿದ್ದುದು ಈ ಹಂಚಿಕೆಯಲ್ಲಿ. ರೇಷ್ಮೆ, ಮಖಮಲ್ಲುಗಳೆಲ್ಲ ಅದರ ಮುಂದೆ ಎರಡನೆಯ ಮಾತು.

1883ರ ಅಕ್ಟೋಬರ್ 4ರಂದು ಪ್ಯಾರಿಸ್ಸಿನಿಂದ ಹೊರಟ ಮೊದಲ ಗಾಡಿ ಮ್ಯೂನಿಕ್, ವಿಯೆನ್ನಾ, ಬುಡಾಪೆಸ್ಟ್, ಬುಕಾರೆಸ್ಟ್ ದಾಟಿ ರುಮೇನಿಯಾದ ಜುರ್ಜು ಪಟ್ಟಣದಲ್ಲೇ ನಿಂತಿತು, ಏಕೆಂದರೆ ಮುಂದೆ ನೇರ ಹಳಿಯಿರಲಿಲ್ಲ. ಪ್ರಯಾಣಿಕರು ಡ್ಯಾನ್ಯೂಬ್ ನದಿಯನ್ನು ದಾಟಿ, ಇನ್ನೊಂದು ರೈಲಿನಲ್ಲಿ ವಾರ್ನಾ ಬಂದರಿಗೆ ಹೋಗಿ, ಅಲ್ಲಿಂದ ಹಡಗಿನಲ್ಲಿ ಕಾನ್‌ಸ್ಟಾಂಟಿನೋಪಲ್ ಸೇರಿದರು. ಇಳಿಯದೆ ಕೊನೆಯವರೆಗೆ ಹೋಗುವ ಅನುಕೂಲ 1889ರಲ್ಲಿ ದೊರೆಯಿತು. ‘ಓರಿಯಂಟ್ ಎಕ್ಸ್‌ಪ್ರೆಸ್’ ಎಂಬ ಅಧಿಕೃತ ಹೆಸರು ಬಂದದ್ದು 1891ರಲ್ಲಿ.

ಬೋಗಿಯ ಒಳಗೆ ಹಗಲಿನ ಆಸನವೇ ರಾತ್ರಿ ಹಾಸಿಗೆಯಾಗುತ್ತಿತ್ತು. ಓಣಿಯ ತುದಿಯ ಪುಟ್ಟ ಆಸನದಲ್ಲಿ ಪರಿಚಾರಕ ಕುಳಿತಿರುತ್ತಿದ್ದ; ನಡುರಾತ್ರಿ ಗಡಿಯಲ್ಲಿ ಅಧಿಕಾರಿಗಳು ಹತ್ತಿದಾಗ ಯಾರನ್ನೂ ಎಬ್ಬಿಸಬೇಕಾಗದಿರಲೆಂದು ಪ್ರಯಾಣಿಕರ ಪಾಸ್‌ಪೋರ್ಟುಗಳು ಅವನ ಬಳಿಯೇ ಇರುತ್ತಿದ್ದವು. ಗಡಿ ದಾಟಿದ್ದು ನಿದ್ದೆಯಲ್ಲಿದ್ದವರಿಗೆ ತಿಳಿಯುತ್ತಲೇ ಇರಲಿಲ್ಲ.

1914ರ ಯುದ್ಧ ಈ ಏರ್ಪಾಡನ್ನು ಮುರಿಯಿತು. 1918ರಲ್ಲಿ ಕದನವಿರಾಮಕ್ಕೆ ಸಹಿ ಬಿದ್ದದ್ದು ಇದೇ ಕಂಪನಿಯ 2419ನೆಯ ಸಂಖ್ಯೆಯ ಬೋಗಿಯಲ್ಲಿ. ಮರುವರ್ಷ ಜರ್ಮನಿಯನ್ನು ತಪ್ಪಿಸಿ, ಸುಮಾರು 20 ಕಿ.ಮೀ. ಉದ್ದದ ಸಿಂಪ್ಲಾನ್ ಸುರಂಗದ ಮೂಲಕ ಮಿಲಾನ್, ವೆನಿಸ್, ಬೆಲ್‌ಗ್ರೇಡ್ ಹಾದು ಹೋಗುವ ‘ಸಿಂಪ್ಲಾನ್ ಓರಿಯಂಟ್ ಎಕ್ಸ್‌ಪ್ರೆಸ್’ ಆರಂಭವಾಯಿತು. ಹೀಗೆ ಒಂದು ಹೆಸರು ಹಲವು ದಾರಿಗಳಿಗೆ ಹಂಚಿಹೋಯಿತು.

ಎರಡನೆಯ ಮಹಾಯುದ್ಧದ ಬಳಿಕ ವಿಮಾನಗಳೂ ಬಿಗಿಯಾದ ಗಡಿಗಳೂ ಸೇರಿ ಸೇವೆಯನ್ನು ಸೊರಗಿಸಿದವು. ಪ್ಯಾರಿಸ್–ಇಸ್ತಾಂಬುಲ್ ನೇರ ಸಂಚಾರ 1977ರ ಮೇ ತಿಂಗಳಲ್ಲಿ ನಿಂತಿತು. ಹಳೆಯ ಬೋಗಿಗಳನ್ನು ದುರಸ್ತಿ ಮಾಡಿ 1982ರಲ್ಲಿ ಆರಂಭಿಸಿದ ಖಾಸಗಿ ವಿಹಾರ ರೈಲಿಗೂ ಈ ಹೆಸರಿದೆ, ಆದರೆ ಅದು ಬೇರೆಯೇ ಸೇವೆ. ಮೂಲ ಹೆಸರನ್ನು ಹೊತ್ತ ಸಾಧಾರಣ ರಾತ್ರಿ ರೈಲು ಕೊನೆಗೆ ಸ್ಟ್ರಾಸ್‌ಬರ್ಗ್ ಮತ್ತು ವಿಯೆನ್ನಾಗಳ ನಡುವೆ ಮಾತ್ರ ಓಡಿ, 2009ರ ಡಿಸೆಂಬರಿನಲ್ಲಿ ವೇಳಾಪಟ್ಟಿಯಿಂದ ಮರೆಯಾಯಿತು.