ಬೆಳಿಗ್ಗೆ ಶೂಟಿಂಗ್, ರಾತ್ರಿ ಪ್ರಸಾರ: ಕೊರಿಯನ್ ಡ್ರಾಮಾಗಳ ‘ಚೀಟಿ ಸ್ಕ್ರಿಪ್ಟ್’ ಕಾಲ

ಕೊರಿಯನ್ ಡ್ರಾಮಾ ನೋಡುವವರಿಂದ ಈಗ ಮೂರು ದೂರುಗಳು ಒಟ್ಟಿಗೇ ಕೇಳಿಬರುತ್ತಿವೆ. 16 ಕಂತು ಇರುತ್ತಿದ್ದ ಕಥೆ 12ಕ್ಕೋ 8ಕ್ಕೋ ಮುಗಿದುಹೋಗುತ್ತದೆ. ವಾರವಾರವೂ ಕಾದು ನೋಡುವಾಗಿನ ಹಳೆಯ ಬಿಸಿ ಇಲ್ಲ. ಟಿವಿಯಲ್ಲಿ ಹೊಸ ಡ್ರಾಮಾ ಬರುವುದೂ ಕಡಿಮೆಯಾಗಿದೆ. ಮೂರಕ್ಕೂ ‘ಎಲ್ಲಾ ಒಟಿಟಿಯಿಂದ’ ಎಂಬ ಒಂದೇ ಉತ್ತರ ಕೊಟ್ಟು ಮಾತು ಮುಗಿಸುವುದು ರೂಢಿಯಾಗಿಬಿಟ್ಟಿದೆ. ಅದು ಅರ್ಧ ಉತ್ತರ. ಉಳಿದರ್ಧ ಇರುವುದು ಕೊರಿಯಾದಲ್ಲಿ ಡ್ರಾಮಾ ತಯಾರಾಗುತ್ತಿದ್ದ ರೀತಿಯಲ್ಲಿ, ಆ ರೀತಿ ಬದಲಾಗಲೇಬೇಕಾಗಿ ಬಂದ ಕಾರಣಗಳಲ್ಲಿ.

ಅಲ್ಲಿನ ಸೆಟ್‌ಗಳಲ್ಲಿ ಎರಡು ಮಾತುಗಳು ಬಹಳ ಕಾಲ ಚಾಲ್ತಿಯಲ್ಲಿದ್ದವು. ಒಂದು ‘ಸೆಂಗ್‌ಬಾಂಗ್‌ಸೋಂಗ್’ ಶೂಟಿಂಗ್. ಹೆಸರಿಗೆ ‘ನೇರ ಪ್ರಸಾರ’ ಎಂದರ್ಥ. ಇವತ್ತು ರಾತ್ರಿ ಬರಬೇಕಾದ ಕಂತನ್ನು ಇವತ್ತೇ ಚಿತ್ರಿಸುವ ಸ್ಥಿತಿಗೆ ಸೆಟ್ಟಿನವರು ಇಟ್ಟ ಹೆಸರು. ಇನ್ನೊಂದು ‘ಜೊಕ್‌ದೆಬೊನ್’. ಪೂರ್ತಿ ಸ್ಕ್ರಿಪ್ಟ್ ಇಲ್ಲದೆ, ಬರೆದಷ್ಟನ್ನೇ ಒಂದೆರಡು ಹಾಳೆಯಾಗಿ ಸೆಟ್‌ಗೆ ಕಳಿಸುವುದು. ಕನ್ನಡದಲ್ಲಿ ಚೀಟಿ ಸ್ಕ್ರಿಪ್ಟ್ ಎನ್ನಬಹುದು.

ಹಳೆಯ ಚರಿತ್ರೆಯನ್ನು ಬೇಗ ದಾಟೋಣ. 1961ರ ಕೊನೆಯ ದಿನ ಕೆಬಿಎಸ್ ಟಿವಿ ಶುರುವಾಯಿತು, 1969ರಲ್ಲಿ ಎಂಬಿಸಿ ಟಿವಿ ಬಂತು, 1980ರಲ್ಲಿ ಬಣ್ಣ ಬಂತು. ಆ ಕಾಲದಲ್ಲಿ ವಾಹಿನಿಗಳು ತಮ್ಮದೇ ಸ್ಟುಡಿಯೊದಲ್ಲಿ, ತಮ್ಮದೇ ಸಂಬಳದ ನಿರ್ದೇಶಕರಿಂದ ಡ್ರಾಮಾ ಮಾಡಿಸುತ್ತಿದ್ದವು. 1991ರಲ್ಲಿ ಎರಡು ಸಂಗತಿ ನಡೆದವು. ಎಸ್‌ಬಿಎಸ್ ಎಂಬ ಖಾಸಗಿ ವಾಹಿನಿ ಟಿವಿಗೆ ಬಂದು ಸ್ಪರ್ಧೆ ಬಿಗಿಯಾಯಿತು. ಜೊತೆಗೆ, ಪ್ರಸಾರದ ಇಷ್ಟು ಪಾಲು ಹೊರಗಿನ ನಿರ್ಮಾಪಕರಿಂದಲೇ ಬರಬೇಕೆಂಬ ಸರ್ಕಾರಿ ನಿಯಮ ಶೇ 3ರಿಂದ ಆರಂಭವಾಗಿ ವರ್ಷದಿಂದ ವರ್ಷಕ್ಕೆ ಏರಿತು. ಉದ್ದೇಶ ಒಳ್ಳೆಯದೇ. ಫಲ ಮಾತ್ರ ಬೇರೆಯಾಯಿತು. ಸ್ಲಾಟ್ ವಾಹಿನಿಯ ಕೈಯಲ್ಲೇ ಉಳಿಯಿತು, ನಷ್ಟದ ಭಯ ಹೊರಗಿನ ಸಣ್ಣ ಕಂಪನಿಯ ತಲೆಗೆ ಬಂತು. ವಾಹಿನಿ ಕೊಡುವ ಹಣ ಖರ್ಚಿನ ಒಂದು ಭಾಗಕ್ಕಷ್ಟೇ ಸಾಲುತ್ತಿತ್ತು. ಉಳಿದದ್ದನ್ನು ವಿದೇಶಿ ಮಾರಾಟ, ಹಾಡುಗಳು ಮತ್ತು ಕಥೆಯೊಳಗೆ ಸಾಮಾನು ತೋರಿಸುವ ಜಾಹೀರಾತು, ಅಂದರೆ ಪಿಪಿಎಲ್, ಇವುಗಳಿಂದ ಹೊಂದಿಸಬೇಕಿತ್ತು.

2002ರಲ್ಲಿ ಕೆಬಿಎಸ್‌ನಲ್ಲಿ ಬಂದ ‘ವಿಂಟರ್ ಸೊನಾಟಾ’ ಮರುವರ್ಷ ಜಪಾನಿನ ಎನ್‌ಎಚ್‌ಕೆಯಲ್ಲಿ ಪ್ರಸಾರವಾಗಿ ಅಲ್ಲಿ ಅಲೆ ಎಬ್ಬಿಸಿತು. ತಾರೆಯ ಹೆಸರಿದ್ದರೆ ಜಪಾನಿಗೆ ಮೊದಲೇ ಮಾರಬಹುದು ಎಂಬ ಲೆಕ್ಕ ಗಟ್ಟಿಯಾಯಿತು. ತಾರೆಯರ ಸಂಭಾವನೆ, ಹೆಸರಾದ ಬರಹಗಾರರ ಸಂಭಾವನೆ ಏರಿದವು. ಒಟ್ಟು ಬಜೆಟ್ ಅಷ್ಟೇ ಏರದಿದ್ದಾಗ ಎಲ್ಲೋ ಒಂದು ಕಡೆ ಕಡಿತವಾಗಲೇಬೇಕು. ಕಡಿತವಾದದ್ದು ಶೂಟಿಂಗ್ ದಿನಗಳು.

ಇನ್ನು ಕಂತಿನ ಉದ್ದದ ಕಥೆ. ಇದು ಅನೇಕ ಅಭಿಮಾನಿಗಳಿಗೆ ಗೊತ್ತಿಲ್ಲ, ಆದರೆ ಇಡೀ ಗಂಟಿನ ಒಂದು ಎಳೆ ಇಲ್ಲೇ ಇದೆ. ಕೆಬಿಎಸ್, ಎಂಬಿಸಿ, ಎಸ್‌ಬಿಎಸ್‌ನಂಥ ಭೂಪ್ರಸಾರ ವಾಹಿನಿಗಳು, ಅಂದರೆ ಕೇಬಲ್ ಇಲ್ಲದೆ ಆಂಟೆನಾದಲ್ಲೇ ಸಿಗುವ ವಾಹಿನಿಗಳು, ಕಾರ್ಯಕ್ರಮದ ನಡುವೆ ಜಾಹೀರಾತು ಹಾಕುವಂತಿರಲಿಲ್ಲ. ಈ ನಿಷೇಧ ತೆರವಾದದ್ದು 2021ರ ಜುಲೈನಲ್ಲಿ. ಅಲ್ಲಿಯವರೆಗೆ ಹಿಂದೆ ಮುಂದೆ ಮಾತ್ರ ಜಾಹೀರಾತು. ಬಹಳ ವರ್ಷ ಅದಕ್ಕಿದ್ದ ಮಿತಿ ಕಾರ್ಯಕ್ರಮದ ಅವಧಿಯ ಶೇ 10. 60 ನಿಮಿಷದ ಸ್ಲಾಟ್‌ಗೆ 6 ನಿಮಿಷ, 15 ಸೆಕೆಂಡಿನ ಲೆಕ್ಕದಲ್ಲಿ 24 ಜಾಹೀರಾತು. ಸ್ಲಾಟನ್ನು 70 ನಿಮಿಷಕ್ಕೆ ಎಳೆದರೆ 28. ಮೇಲಾಗಿ ಎದುರಿನ ವಾಹಿನಿಯ ಡ್ರಾಮಾ ಮುಗಿದ ಮೇಲೂ ನಮ್ಮದು ಐದು ನಿಮಿಷ ಓಡಿದರೆ ಅಲ್ಲಿನ ವೀಕ್ಷಕರು ಇತ್ತ ಬರುತ್ತಾರೆ, ಟಿಆರ್‌ಪಿ ಏರುತ್ತದೆ. ಹೀಗೆ ಒಬ್ಬರನ್ನು ನೋಡಿ ಒಬ್ಬರು ಎಳೆಯುತ್ತಾ ಹೋಗಿ, ಕೊನೆಗೆ ಮೂರೂ ವಾಹಿನಿಗಳು ಕೂತು 72 ನಿಮಿಷ ಮೀರಬಾರದೆಂದು ಒಪ್ಪಿಕೊಳ್ಳಬೇಕಾಯಿತು. 2013ರಲ್ಲಿ ಅದನ್ನು 67ಕ್ಕೆ ಇಳಿಸಿದರು. ಅಷ್ಟಾದರೂ ವಾರಕ್ಕೆ ಎರಡು ಕಂತು ಎಂದರೆ ಎರಡು ಗಂಟೆಗೂ ಮೀರಿದ ದೃಶ್ಯ.

ಈಗ ಲೆಕ್ಕ ಹಾಕಿ ನೋಡಿ. ಒಂದು ಕಂತಿನ ಸ್ಕ್ರಿಪ್ಟ್ ಸುಮಾರು 35 ಪುಟ, 60ರಿಂದ 70 ದೃಶ್ಯ. ಪ್ರಸಾರ ಶುರುವಾಗುವ ಹೊತ್ತಿಗೆ ಕೈಯಲ್ಲಿ ನಾಲ್ಕು ಕಂತು ಸಿದ್ಧವಿದ್ದರೆ ಅದೇ ನೆಮ್ಮದಿ. ಒಂದು ಕಂತು ಚಿತ್ರಿಸಲು ಐದಾರು ದಿನ ಬೇಕು. ವಾರಕ್ಕೆ ಖಾಲಿಯಾಗುವುದು ಎರಡು. ಹೊಸ ಕಂತು ಚಿತ್ರಿಸುತ್ತಲೇ ಇದ್ದರೂ ನಾಲ್ಕು ಕಂತಿನ ದಾಸ್ತಾನು ಸುಮಾರು ಒಂದು ತಿಂಗಳಲ್ಲಿ ಮುಗಿಯುತ್ತದೆ. ಐದನೇ ವಾರ, ಅಂದರೆ ಒಂಬತ್ತನೇ ಕಂತಿನ ಆಸುಪಾಸು, ಸೆಟ್ ‘ನೇರ ಪ್ರಸಾರ’ಕ್ಕೆ ಇಳಿಯುತ್ತದೆ. ನಮ್ಮ ದೈನಿಕ ಧಾರಾವಾಹಿಗಳ ತಂಡಗಳು ಕಂತು ಬ್ಯಾಂಕ್ ಮಾಡಿಟ್ಟುಕೊಳ್ಳುವುದು ಇದೇ ಭಯಕ್ಕೆ. ಆದರೆ ಮನೆ ಸೆಟ್‌ನಲ್ಲಿ ಹಲವು ಕ್ಯಾಮೆರಾ ಇಟ್ಟು ಮುಗಿಸುವ ಕೆಲಸಕ್ಕೂ, ಬೀದಿ, ಮಳೆ, ಆಸ್ಪತ್ರೆ, ಹೊಡೆದಾಟ ಎಲ್ಲವನ್ನೂ ಸಿನಿಮಾದಂತೆ ತೋರಿಸಬೇಕಾದ ಕೆಲಸಕ್ಕೂ ಹೋಲಿಕೆ ಇಲ್ಲ.

ಆಗ ಮಾಡುತ್ತಿದ್ದದ್ದು ಇಷ್ಟು. ತಂಡವನ್ನು ಎ, ಬಿ ಎಂದು ಒಡೆಯುವುದು. ಮುಖ್ಯ ನಿರ್ದೇಶಕರದ್ದು ಎ ತಂಡ, ಎರಡನೆಯವರದ್ದು ಬಿ. ಮುಖ್ಯ ನಟ ನಟಿಯರು ಎರಡರ ನಡುವೆ ವ್ಯಾನಿನಲ್ಲಿ ಓಡಾಡುತ್ತಾರೆ. ನಿದ್ದೆ ಆ ವ್ಯಾನಿನಲ್ಲೇ. ಬರಹಗಾರರು ಕಂತನ್ನು ಕ್ರಮವಾಗಿ ಬರೆಯದೆ, ನಾಳೆ ಯಾವ ಜಾಗ ಸಿಕ್ಕಿದೆಯೋ ಆ ಜಾಗದ ದೃಶ್ಯಗಳನ್ನು ಮೊದಲು ಬರೆದು ಕಳಿಸುತ್ತಾರೆ. ನಟಿಗೆ ಚೀಟಿಯಲ್ಲಿ ಸಿಕ್ಕಿದ್ದು ಅಳುವ ದೃಶ್ಯ. ಅದಕ್ಕೆ ಮೊದಲು ಏನಾಯಿತೆಂಬುದು ಇನ್ನೂ ಬರೆದಿಲ್ಲ. ಎಷ್ಟು ಅಳಬೇಕು? ಊಹೆಯ ಮೇಲೆ ಅಳಬೇಕು. ಒಂದು ದೃಶ್ಯದಲ್ಲಿ ಕುಸಿದು ಹೋದವಳು ಮುಂದಿನದರಲ್ಲಿ ಏನೂ ಆಗದಂತೆ ಕಾಫಿ ಕುಡಿಯುತ್ತಿದ್ದರೆ ಅದು ಎಷ್ಟೋ ಸಲ ನಟನೆಯ ದೋಷವಾಗಿರುತ್ತಿರಲಿಲ್ಲ.

ಹಳೆಯ ಡ್ರಾಮಾಗಳನ್ನು ಈಗ ಮತ್ತೆ ನೋಡಿದರೆ ಚೀಟಿ ಎಲ್ಲಿಂದ ಶುರುವಾಯಿತು ಎಂದು ಬೆರಳಿಟ್ಟು ತೋರಿಸಬಹುದು. ಹೊರಾಂಗಣ ಕಡಿಮೆಯಾಗಿ ಅದೇ ಕೆಫೆ, ಅದೇ ಕಚೇರಿ, ನಿಂತ ಕಾರಿನೊಳಗಿನ ಮಾತು ಹೆಚ್ಚಾಗುತ್ತವೆ. ಸೆಟ್‌ನಲ್ಲಿ ಲೈಟ್ ಒಮ್ಮೆ ಕಟ್ಟಿದರೆ ಹತ್ತು ದೃಶ್ಯ ತೆಗೆಯಬಹುದು. ಹಿಂದಿನ ಕಂತುಗಳ ಫ್ಲ್ಯಾಶ್‌ಬ್ಯಾಕ್ ಹಾಡಿನೊಂದಿಗೆ ಉದ್ದವಾಗಿ ಬರುತ್ತದೆ. ಚಿತ್ರಿಸದೆಯೇ ಮೂರು ನಿಮಿಷ ತುಂಬುವ ಉಪಾಯ ಅದು. ಪೋಷಕ ಪಾತ್ರಗಳ ಉಪಕಥೆ ಹಠಾತ್ತನೆ ಬೆಳೆಯುತ್ತದೆ. ನಾಯಕಿಗೆ ನಾಲ್ಕು ಗಂಟೆ ನಿದ್ದೆ ಕೊಡಿಸಲು ಬಿ ತಂಡ ಆ ಪೋಷಕ ಪಾತ್ರಗಳನ್ನು ಚಿತ್ರಿಸುತ್ತಿರುತ್ತದೆ. 11ರಿಂದ 14ನೇ ಕಂತಿನ ನಡುವೆ ಕಥೆ ಸೊರಗುವುದನ್ನು ಅಭಿಮಾನಿಗಳು ಶಾಪದಂತೆ ಮಾತಾಡಿಕೊಳ್ಳುತ್ತಾರಲ್ಲ, ಅದು ಬಹುಮಟ್ಟಿಗೆ ದಾಸ್ತಾನು ಮುಗಿದದ್ದರ ಫಲ.

ಇದರ ಮೇಲೆ ವಿಸ್ತರಣೆ ಬೇರೆ. ಟಿಆರ್‌ಪಿ ಚೆನ್ನಾಗಿದ್ದರೆ ಕಂತು ಹೆಚ್ಚಿಸು ಎನ್ನುತ್ತಿದ್ದರು. 60 ಕಂತಿಗೆ ಯೋಜಿಸಿದ್ದ ‘ಜುಮೊಂಗ್’ 2007ರಲ್ಲಿ ಮುಗಿದದ್ದು 81ಕ್ಕೆ.

ಎಡಿಟಿಂಗ್ ಕೋಣೆಯ ಪಾಡು ಇನ್ನೂ ಕಷ್ಟ. ಕಂತು ಪೂರ್ತಿಯಾಗಿ ಒಂದೇ ಟೇಪಿನಲ್ಲಿ ಹೋಗುತ್ತಿರಲಿಲ್ಲ. ಮೊದಲ ಭಾಗದ ಟೇಪ್ ಪ್ರಸಾರವಾಗುತ್ತಿರುವಾಗ ಕೊನೆಯ ಭಾಗಕ್ಕೆ ಇನ್ನೂ ಸಂಗೀತ ಕೂರಿಸುತ್ತಿರುತ್ತಾರೆ. ಬಣ್ಣ ಸರಿಪಡಿಸುವುದು, ಧ್ವನಿ ಹದ ಮಾಡುವುದು, ಗ್ರಾಫಿಕ್ಸ್, ಕೊನೆಗೆ ಪ್ರಸಾರಯೋಗ್ಯವೇ ಎಂಬ ತಪಾಸಣೆ, ಎಲ್ಲವೂ ಗಂಟೆಗಳಿಗೆ ಕುಗ್ಗುತ್ತವೆ. ಇಲ್ಲಿ ಒಂದು ಕೊಂಡಿ ಕಳಚಿದರೂ ತೆರೆಯ ಮೇಲೆ ಕಾಣುತ್ತದೆ. 2011ರ ಮಾರ್ಚ್‌ನಲ್ಲಿ ‘ಸೈನ್’ ಎಂಬ ಡ್ರಾಮಾದ ಕೊನೆಯ ಕಂತಿನಲ್ಲಿ ಧ್ವನಿ ಹೋಯಿತು, ಬಣ್ಣದ ಪಟ್ಟಿಗಳು ಕಾಣಿಸಿಕೊಂಡವು. 2012ರ ಮೇನಲ್ಲಿ ‘ಈಕ್ವೇಟರ್ ಮ್ಯಾನ್’ನ 19ನೇ ಕಂತು ಟೇಪ್ ತಲುಪದೆ ಮುಗಿಯುವ ಮೊದಲೇ ನಿಂತಿತು. 2017ರ ಡಿಸೆಂಬರ್ 24ರಂದು ‘ಹ್ವಾಯುಗಿ’ಯ ಎರಡನೇ ಕಂತಿನಲ್ಲಿ ಸಾಹಸ ಕಲಾವಿದರನ್ನು ಎತ್ತಿದ ತಂತಿಗಳು ಹಾಗೇ ಕಂಡವು, ಕೊನೆಗೆ ಪ್ರಸಾರವನ್ನೇ ನಿಲ್ಲಿಸಿದರು. ಅದರ ಹಿಂದಿನ ದಿನ ಅದೇ ಸೆಟ್‌ನಲ್ಲಿ ಕೆಲಸಗಾರರೊಬ್ಬರು ದೀಪದ ಗೊಂಚಲು ತೂಗುಹಾಕುವಾಗ ಮೇಲಿಂದ ಬಿದ್ದು ಬೆನ್ನಿಗೆ ತೀವ್ರ ಪೆಟ್ಟು ಮಾಡಿಕೊಂಡಿದ್ದರು. ತಂತಿ ಕಂಡದ್ದು ಎಲ್ಲರ ನೆನಪಿನಲ್ಲಿ ಉಳಿಯಿತು. ಬಿದ್ದವರದ್ದು ಉಳಿಯಬೇಕಿತ್ತು.

ಸೆಟ್ಟಿನ ಭಾಷೆಯಲ್ಲಿ ‘ಡಿಸಾಲ್ವ್’ ಎಂಬ ಮಾತಿತ್ತು. ಒಂದು ಚಿತ್ರ ಕರಗುತ್ತಾ ಇನ್ನೊಂದು ಮೂಡುವಂತೆ, ನಿನ್ನೆಯ ಪಾಳಿ ಕರಗಿ ಇವತ್ತಿನದಾಗುವುದು. ನಸುಕಿಗೆ ಶೂಟಿಂಗ್ ಮುಗಿಸಿ, ಮನೆಗೆ ಹೋಗುವಷ್ಟು ಹೊತ್ತಿಲ್ಲದೆ, ಸಾರ್ವಜನಿಕ ಸ್ನಾನಗೃಹದಲ್ಲಿ ಎರಡು ಗಂಟೆ ಮಲಗಿ ಬೆಳಿಗ್ಗೆ ಮತ್ತೆ ಬಸ್ ಹತ್ತುವುದು. ಲೈಟ್, ಧ್ವನಿ, ಸಾಮಗ್ರಿ ವಿಭಾಗದವರಲ್ಲಿ ಬಹುತೇಕರಿಗೆ ಸ್ವಂತ ಕರಾರು ಇರುತ್ತಿರಲಿಲ್ಲ. ವಿಭಾಗದ ಮುಖ್ಯಸ್ಥ ಇಡೀ ತಂಡದ ಪರವಾಗಿ ಒಂದು ಮೊತ್ತಕ್ಕೆ ಸಹಿ ಹಾಕಿ, ಅದರಲ್ಲೇ ದಿನಗೂಲಿ ಹಂಚುತ್ತಿದ್ದರು. ದಿನ ಎಂದರೆ ಎಷ್ಟು ಗಂಟೆ ಎಂದು ಎಲ್ಲೂ ಬರೆದಿರುತ್ತಿರಲಿಲ್ಲ. 2016ರ ಅಕ್ಟೋಬರ್‌ನಲ್ಲಿ ಒಬ್ಬ ಯುವ ಸಹಾಯಕ ನಿರ್ದೇಶಕ ಸೆಟ್ಟಿನ ಈ ಕ್ರೌರ್ಯದ ಬಗ್ಗೆ ಬರೆದಿಟ್ಟು ಪ್ರಾಣ ಕಳೆದುಕೊಂಡ. ಅವನ ಹೆಸರಿನ ‘ಹಾನ್‌ಬಿತ್’ ಮಾಧ್ಯಮ ಕಾರ್ಮಿಕ ಹಕ್ಕುಗಳ ಕೇಂದ್ರ 2018ರಲ್ಲಿ ತೆರೆಯಿತು. ಡ್ರಾಮಾ ಇತಿಹಾಸ ಬರೆಯುವವರು ದೊಡ್ಡ ಹಿಟ್‌ಗಳ ತಾರೀಖಿನ ಪಕ್ಕದಲ್ಲಿ ಈ ತಾರೀಖನ್ನೂ ಇಡಬೇಕು.

ಮೊದಲೇ ಪೂರ್ತಿ ಚಿತ್ರಿಸಿ ಇಟ್ಟುಕೊಳ್ಳಬಾರದೇ ಎಂಬ ಪ್ರಶ್ನೆ ಹಳೆಯದು. ಕೆಲವರು ಮಾಡಿ ನೋಡಿದ್ದರು. ಕೊರಿಯಾ ಯುದ್ಧಕ್ಕೆ 60 ವರ್ಷ ತುಂಬಿದಾಗ, 2010ರಲ್ಲಿ, 13 ಬಿಲಿಯನ್ ವಾನ್ ಖರ್ಚಿನಲ್ಲಿ ಬಹುಪಾಲು ಮೊದಲೇ ಮುಗಿಸಿ ತಂದ ‘ರೋಡ್ ನಂಬರ್ ಒನ್’ ನೆಲ ಕಚ್ಚಿತು. ಮೊದಲೇ ಮಾಡಿಟ್ಟದ್ದು ಓಡುವುದಿಲ್ಲ, ಜನರ ಪ್ರತಿಕ್ರಿಯೆ ನೋಡಿ ಕಥೆ ತಿರುಗಿಸುವುದೇ ಕೊರಿಯನ್ ಡ್ರಾಮಾದ ಶಕ್ತಿ ಎಂಬ ನಂಬಿಕೆ ಬಲವಾಯಿತು. ಅದರಲ್ಲಿ ಸತ್ಯಾಂಶ ಇತ್ತು. ಎರಡನೇ ನಾಯಕನ ಪಾತ್ರ ಬೆಳೆದದ್ದು, ಸಾಯಬೇಕಾದವರು ಬದುಕಿದ್ದು ವೀಕ್ಷಕರ ಒತ್ತಾಯದಿಂದಲೇ. ಆ ಸಲಿಗೆಯ ಬೆಲೆಯನ್ನು ತೆರುತ್ತಿದ್ದವರು ಮಾತ್ರ ಬೇರೆ.

ನಂಬಿಕೆ ಮುರಿದದ್ದು ಚೀನಾದ ಒಂದು ನಿಯಮದಿಂದ. ಆನ್‌ಲೈನ್‌ನಲ್ಲಿ ಹಾಕುವ ವಿದೇಶಿ ಸರಣಿಯನ್ನು ಇಡಿಯಾಗಿ ಮೊದಲೇ ಪರಿಶೀಲನೆಗೆ ಒಪ್ಪಿಸಬೇಕೆಂದು ಅಲ್ಲಿನ ಸರ್ಕಾರ 2014ರಲ್ಲಿ ಹೇಳಿತು. ಎರಡೂ ದೇಶಗಳಲ್ಲಿ ಒಂದೇ ಹೊತ್ತಿಗೆ ತೋರಿಸಬೇಕಾದರೆ ಮೊದಲೇ ಮುಗಿಸದೆ ದಾರಿಯಿಲ್ಲ. 2016ರ ‘ಡಿಸೆಂಡೆಂಟ್ಸ್ ಆಫ್ ದಿ ಸನ್’ ಹಾಗೆ ತಯಾರಾಗಿ, 16ನೇ ಕಂತಿಗೆ ಶೇ 38.8 ಟಿಆರ್‌ಪಿ ಪಡೆಯಿತು. ಅದೇ ವರ್ಷ ಅಮೆರಿಕದ ‘ಥಾಡ್’ ಕ್ಷಿಪಣಿ ರಕ್ಷಣಾ ವ್ಯವಸ್ಥೆಯನ್ನು ದಕ್ಷಿಣ ಕೊರಿಯಾದಲ್ಲಿ ಇಡುವ ವಿವಾದದಿಂದ ಕೊರಿಯನ್ ಡ್ರಾಮಾಗಳಿಗೆ ಚೀನಾದ ಬಾಗಿಲು ಮುಚ್ಚಿತು. ಪದ್ಧತಿ ಕಲಿತಾಗಿತ್ತು, ಹಣ ಕೊಡುವವರು ಇರಲಿಲ್ಲ.

ಒಟಿಟಿಗೆ ಪೂರ್ತಿ ಶ್ರೇಯ ಕೊಡುವವರು ಇಲ್ಲೊಂದು ಸಂಗತಿ ಬಿಟ್ಟುಬಿಡುತ್ತಾರೆ. ನೆಟ್‌ಫ್ಲಿಕ್ಸ್ ತಾನೇ ಹಣ ಹಾಕಿದ ಕೊರಿಯನ್ ಸರಣಿ ‘ಕಿಂಗ್‌ಡಮ್’ ಬಂದದ್ದು 2019ರ ಜನವರಿಯಲ್ಲಿ. ಅದಕ್ಕೆ ಮೊದಲೇ, 2018ರಲ್ಲಿ, ಕಾರ್ಮಿಕ ಕಾನೂನು ಬದಲಾಗಿತ್ತು. ವಾರಕ್ಕೆ 40 ಗಂಟೆ ಕೆಲಸ, ಹೆಚ್ಚುವರಿ 12, ಒಟ್ಟು 52. ಹಿಂದೆ ವಾರಾಂತ್ಯದ 16 ಗಂಟೆಯನ್ನು ಪ್ರತ್ಯೇಕ ಎಣಿಸಿ 68 ಮಾಡುತ್ತಿದ್ದರು; ಪ್ರಸಾರ ಕ್ಷೇತ್ರಕ್ಕಂತೂ ಮಿತಿಯಿಂದಲೇ ವಿನಾಯಿತಿ ಇತ್ತು. ವಿನಾಯಿತಿ ಪಡೆದ 26 ಕ್ಷೇತ್ರಗಳ ಪಟ್ಟಿಯನ್ನು 5ಕ್ಕೆ ಇಳಿಸಿದಾಗ ಪ್ರಸಾರ ಹೊರಬಿತ್ತು. 2019ರ ಜುಲೈಯಿಂದ ದೊಡ್ಡ ವಾಹಿನಿಗಳಿಗೆ 52ರ ಮಿತಿ ಅನ್ವಯಿಸಿತು. ಸೆಟ್ಟಿನ ಸ್ವತಂತ್ರ ಕೆಲಸಗಾರರು ‘ನೌಕರರು’ ಹೌದೋ ಅಲ್ಲವೋ ಎಂಬ ತಕರಾರು ಮುಗಿಯದಿದ್ದರೂ ವಾರಕ್ಕೆ ನಾಲ್ಕೈದು ದಿನದ ಶೂಟಿಂಗ್ ರೂಢಿಗೆ ಬಂತು. ಹಾಗಾದ ಮೇಲೆ ವಾರಕ್ಕೆ ಎರಡು ಕಂತು ಚಿತ್ರಿಸುವುದು ಲೆಕ್ಕದಲ್ಲೇ ಸಾಧ್ಯವಿಲ್ಲ. ಪ್ರಸಾರಕ್ಕೆ ತಿಂಗಳುಗಟ್ಟಲೆ ಮೊದಲು ಶುರುಮಾಡಲೇಬೇಕು.

ತಿಂಗಳು ಹೆಚ್ಚಾದರೆ ಕೂಲಿ, ಸೆಟ್ ಬಾಡಿಗೆ, ಉಪಕರಣದ ಬಾಡಿಗೆ ಎಲ್ಲ ಹೆಚ್ಚು. ಅದನ್ನು ಭರಿಸುವ ಶಕ್ತಿ ಟಿವಿ ಜಾಹೀರಾತಿಗೆ ಇರಲಿಲ್ಲ, ಒಟಿಟಿಗೆ ಇತ್ತು. ನೆಟ್‌ಫ್ಲಿಕ್ಸ್ 2023ರಲ್ಲಿ ನಾಲ್ಕು ವರ್ಷಕ್ಕೆ 2.5 ಬಿಲಿಯನ್ ಡಾಲರ್ ಘೋಷಿಸಿತು. ಪೂರ್ತಿ ಖರ್ಚು, ಮೇಲೊಂದಿಷ್ಟು ಲಾಭ ಕೊಟ್ಟು ಹಕ್ಕನ್ನು ತಾನೇ ಇಟ್ಟುಕೊಳ್ಳುವ ಕರಾರು ಮಾಮೂಲಾಯಿತು. ತಾರೆಯರ ಸಂಭಾವನೆ ಆ ಮಟ್ಟಕ್ಕೆ ಏರಿತು, ಟಿವಿಗೂ ಅದೇ ದರ. ಕಂತಿನ ಖರ್ಚು ಏರಿದಾಗ 16 ಕಂತು 12 ಆದದ್ದು ಸಹಜ. 2019ರಿಂದ ವಾಹಿನಿಗಳು ಸೋಮವಾರ-ಮಂಗಳವಾರದ, ಬುಧವಾರ-ಗುರುವಾರದ ಡ್ರಾಮಾ ಸ್ಲಾಟ್‌ಗಳನ್ನು ಒಂದೊಂದಾಗಿ ಕೈಬಿಡುತ್ತಾ ಬಂದವು.

ಹಿಂದೆ ಸ್ಲಾಟ್ ಮೊದಲು ಗೊತ್ತಾಗಿ, ಅದಕ್ಕೆ ಓಡಿ ಓಡಿ ಚಿತ್ರಿಸುತ್ತಿದ್ದರು. ಈಗ ಚಿತ್ರಿಸಿ ಮುಗಿಸಿ ಸ್ಲಾಟ್ ಹುಡುಕುತ್ತಾರೆ. ಸಿಗದವು ಉಳಿದುಬಿಡುತ್ತವೆ, ಅವಕ್ಕೆ ‘ಗೋದಾಮು ಡ್ರಾಮಾ’ ಎಂಬ ಹೆಸರೇ ಬಿದ್ದಿದೆ. ಗೋದಾಮಿನಲ್ಲಿ ಕೂತಷ್ಟೂ ಅದರ ಬೆಲೆ ಇಳಿಯುತ್ತದೆ. ನಾಯಕನ ಕೈಯಲ್ಲಿರುವ ಫೋನ್ ಪ್ರಸಾರದ ಹೊತ್ತಿಗೆ ಎರಡು ಮಾದರಿ ಹಳೆಯದಾದರೆ, ಅದನ್ನು ತೋರಿಸಲು ಹಣ ಕೊಟ್ಟ ಕಂಪನಿಗೆ ಉಪಯೋಗವಿಲ್ಲ. ಹಾಗಾಗಿ ಪ್ರಸಾರದ ದಿನ ಗೊತ್ತಿಲ್ಲದ ಡ್ರಾಮಾಗೆ ಪಿಪಿಎಲ್ ಹಣ ಹುಟ್ಟುವುದೇ ಕಷ್ಟ. ಈ ಹಣ ಇಲ್ಲದೆ ಸಣ್ಣ ನಿರ್ಮಾಪಕರ ಬಜೆಟ್ ತುಂಬುವುದಿಲ್ಲ. 52 ಗಂಟೆಯ ಮಿತಿಯಲ್ಲಿ, ಮನೆಯ ಹಾಸಿಗೆಯಲ್ಲಿ ಮಲಗಿ ಎದ್ದು ಬಂದು ಕೆಲಸ ಮಾಡುವ ಲೈಟ್ ವಿಭಾಗದವರಿಗೆ ಈಗ ಮುಂದಿನ ಡ್ರಾಮಾ ಯಾವಾಗ ಶುರುವಾಗುತ್ತದೆ ಎಂಬುದೇ ಗೊತ್ತಿರುವುದಿಲ್ಲ.